ಬೆಂಡು ಮುಳುಗುವ ಹೊತ್ತು: ಜೂನ್ ಲೇಕ್ ದಂಡೆಯಲ್ಲಿ ಮಕ್ಕಳೊಂದಿಗೆ ನಾಲ್ಕು ದಿನ

ಮೊದಲ ದಿನ, ಶುಕ್ರವಾರ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಮನೆಯಿಂದ ಬೆಳಗಿನ ಐದೂವರೆಗೆ ಜೂನ್ ಲೇಕ್ ಕಡೆಗೆ ಹೊರಟೆವು. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಇಬ್ಬರೂ ನಿದ್ದೆಗಣ್ಣಿನಲ್ಲೇ ಕಾರು ಹತ್ತಿದರು. ಆದರೆ ಮಗಳು ತನ್ನ ಗಾಳದ ಕೋಲನ್ನು ಡಿಕ್ಕಿಯಲ್ಲಿಡಲು ಒಪ್ಪಲಿಲ್ಲ. ನಾಲ್ಕಡಿ ಉದ್ದದ ಪುಟ್ಟ ಕೋಲು, ಗುಂಡಿ ಒತ್ತಿದರೆ ದಾರ ಬಿಡುವ ಮುಚ್ಚಿದ ರೀಲು. ಅದನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡೇ ಕುಳಿತಳು.

ಈ ಪ್ರವಾಸದ ಬೀಜ ಬಿದ್ದದ್ದು ಕಳೆದ ಡಿಸೆಂಬರಿನಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ. ಅಪ್ಪ ಜಗುಲಿಯ ಮಾಡಿಗೆ ಸಿಕ್ಕಿಸಿದ್ದ ವಾಟೆಬಿದಿರಿನ ಗಾಳದ ಕೋಲು ತೆಗೆದು, ಮೊಮ್ಮಗಳನ್ನು ಕರೆದುಕೊಂಡು ಹಳ್ಳದ ಗುಂಡಿಗೆ ಹೋಗಿದ್ದರು. ಎರಡು ಗಂಟೆ ಕುಳಿತರೂ ಒಂದು ಮೀನೂ ಸಿಗಲಿಲ್ಲ. ಆದರೂ ವಾಪಸು ಬಂದವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ‘ಅಲ್ಲಿಯೂ ಹಿಡಿಯಬೇಕು’ ಎಂದು ಆರು ತಿಂಗಳು ಬೆನ್ನು ಬಿಡಲಿಲ್ಲ. ನಾನು ಹೊಳೆಮೀನು ತಿಂದು ಬೆಳೆದವಳು. ಯಜಮಾನರು ಮೈಸೂರಿನ ಸಸ್ಯಾಹಾರಿ ಮನೆಯವರು, ಮೀನು ಮುಟ್ಟುವವರಲ್ಲ. ಆದರೂ ರಜೆ ಹಾಕಿ ಜೊತೆಗೆ ಬಂದರು. ಚಹಾ, ಡೇರೆ ಮತ್ತು ಮಗನ ಬೆನ್ನ ಹಿಂದೆ ಓಡುವ ಕೆಲಸ ಅವರದು ಎಂದು ಮೊದಲೇ ಹಂಚಿಕೊಂಡಿದ್ದೆವು. ಇಬ್ಬರು ಚಿಕ್ಕ ಮಕ್ಕಳನ್ನು ನೀರಿನ ಬಳಿಗೆ ಕರೆದೊಯ್ಯುವಾಗ ಇಬ್ಬರು ದೊಡ್ಡವರು ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬರ ಕಣ್ಣು ಕೊಕ್ಕೆಯ ಮೇಲಿದ್ದರೆ ಇನ್ನೊಬ್ಬರ ಕಣ್ಣು ನೀರಿನ ಮೇಲಿರಬೇಕು.

ಓಕ್‌ಡೇಲ್, ಗ್ರೋವ್‌ಲ್ಯಾಂಡ್ ದಾಟಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗೆ ಟಯೋಗಾ ರಸ್ತೆ ಹಿಡಿದೆವು. ಚಳಿಗಾಲವಿಡೀ ಹಿಮದಡಿ ಮುಚ್ಚಿರುವ ರಸ್ತೆ ಇದು, ಜೂನ್ ಕೊನೆಯಲ್ಲೂ ಮರಗಳ ನೆರಳಿನಲ್ಲಿ ಕೊಳೆಯಾದ ಹಿಮ ಉಳಿದಿತ್ತು. ಟೆನಾಯಾ ಸರೋವರದ ಬಳಿ ಬುತ್ತಿ ಬಿಚ್ಚಿ ಚಪಾತಿ, ಚಟ್ನಿಪುಡಿ ತಿಂದೆವು. 9,943 ಅಡಿ ಎತ್ತರದ ಟಯೋಗಾ ಘಾಟಿ ದಾಟಿದ ಮೇಲೆ ರಸ್ತೆ ಒಮ್ಮೆಗೇ ಕೆಳಕ್ಕೆ ಧುಮುಕುತ್ತದೆ. ಸಿಯೆರಾ ಪರ್ವತಗಳ ಪಶ್ಚಿಮ ಮಗ್ಗುಲಿನ ಹಸಿರು ಮುಗಿದು, ಎದುರಿಗೆ ಬೂದು ಬಣ್ಣದ ಬಯಲು, ಅದರ ನಡುವೆ ಮೋನೋ ಸರೋವರ. ಘಟ್ಟ ಇಳಿದ ಕೂಡಲೇ ಬಯಲುಸೀಮೆ ಸಿಕ್ಕಂತೆ.

ಜೂನ್ ಲೇಕ್ ಊರಿನ ಸುತ್ತ ಕುದುರೆ ಲಾಳದಂತೆ ಬಾಗಿದ ರಸ್ತೆಯೊಂದಿದೆ, ಹೆದ್ದಾರಿ 158. ಅದರ ಗುಂಟ ಜೂನ್, ಗಲ್, ಸಿಲ್ವರ್, ಗ್ರ್ಯಾಂಟ್ ಎಂಬ ನಾಲ್ಕು ಸರೋವರಗಳು. ನಾವು ಡೇರೆ ಹಾಕಿದ್ದು ಜೂನ್ ಸರೋವರದ ಮೇಲಿನ ಓ ರಿಡ್ಜ್ ಶಿಬಿರದಲ್ಲಿ. ಎತ್ತರ 7,600 ಅಡಿಯ ಆಸುಪಾಸು. ಮೊದಲ ದಿನ ಮಕ್ಕಳನ್ನು ಓಡಿಸಲಿಲ್ಲ, ಮೇಲಿಂದ ಮೇಲೆ ನೀರು ಕುಡಿಸಿದೆವು. ರಾತ್ರಿ ಊಟದ ಸಾಮಾನೆಲ್ಲ ಕರಡಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಗೆ ಹೋಯಿತು. ಹಲ್ಲುಜ್ಜುವ ಪೇಸ್ಟ್ ಕೂಡ, ಮೀನಿನ ಎರೆಯ ಡಬ್ಬಿ ಕೂಡ. ಗಂಧವಿರುವ ಯಾವುದೂ ಡೇರೆಯೊಳಗೆ ಇರಬಾರದು ಎಂದಾಗ ಮಗ ತನ್ನ ಅಂಗೈಯನ್ನು ಮೂಸಿ ನೋಡಿಕೊಂಡ.

ಎರಡನೇ ದಿನ, ಶನಿವಾರ

ಬೆಳಗಿನ ಆರಕ್ಕೆ ದಂಡೆಯಲ್ಲಿದ್ದೆವು. ಉಸಿರು ಹೊಗೆಯಾಗುವಷ್ಟು ಚಳಿ. ಮಕ್ಕಳಿಗೆ ಉಣ್ಣೆ ಟೋಪಿ, ಅದರ ಮೇಲೆ ಜೀವರಕ್ಷಕ ಅಂಗಿ, ಕಣ್ಣಿಗೆ ಕನ್ನಡಕ. ದಂಡೆಯ ಮೇಲೆ ನಿಂತವರಿಗೆ ಜೀವರಕ್ಷಕ ಅಂಗಿ ಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಹಿಮ ಕರಗಿದ ನೀರಿಗೆ ಜಾರಿ ಬಿದ್ದ ಮಗುವಿಗೆ ಮೊದಲ ಉಸಿರೇ ಕಟ್ಟುತ್ತದೆ, ಈಜು ಬಂದರೂ ಕೈಕಾಲು ಕೇಳುವುದಿಲ್ಲ. ಕನ್ನಡಕ ಬಿಸಿಲಿಗಲ್ಲ, ಹಿಂದಕ್ಕೆ ಬೀಸಿದ ಕೊಕ್ಕೆಗೆ.

ಕ್ಯಾಲಿಫೋರ್ನಿಯಾದಲ್ಲಿ 16 ತುಂಬದ ಮಕ್ಕಳಿಗೆ ಮೀನು ಹಿಡಿಯಲು ಪರವಾನಗಿ ಬೇಡ. ಆದರೆ ಎಸೆಯುವುದು, ಎಳೆಯುವುದು ಆಗಾಗ ನನ್ನ ಕೈಯಿಂದಲೂ ಆಗುತ್ತದಲ್ಲ, ಹಾಗಾಗಿ ನನಗೊಂದು ಮಾಡಿಸಿದ್ದೆ. 2023ರಿಂದ ಅದು ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಈ ಸರೋವರಗಳಲ್ಲಿ ಏಪ್ರಿಲ್ ಕೊನೆಯ ಶನಿವಾರದಿಂದ ನವೆಂಬರ್ ಮಧ್ಯದವರೆಗೆ ಮೀನುಗಾರಿಕೆ, ಒಬ್ಬರಿಗೆ ದಿನಕ್ಕೆ ಐದು ಟ್ರೌಟ್ ಎಂಬ ತಣ್ಣೀರಿನ ಮೀನು.

ದಂಡೆಯಿಂದ ಟ್ರೌಟ್ ಹಿಡಿಯುವವರು ಇಲ್ಲಿ ಹೆಚ್ಚಾಗಿ ಮಾಡುವುದು ಹೀಗೆ. ದಾರಕ್ಕೆ ತೂತಿರುವ ಸೀಸದ ಗುಂಡು ಪೋಣಿಸಿ, ಅದರ ಕೆಳಗೆ ತಿರುಗುಕೊಂಡಿ ಕಟ್ಟಿ, ಅಲ್ಲಿಂದ ಒಂದೂವರೆ ಎರಡು ಅಡಿ ತೆಳುದಾರ ಬಿಟ್ಟು ಪುಟ್ಟ ಕೊಕ್ಕೆ. ಕೊಕ್ಕೆಗೆ ಪವರ್‌ಬೈಟ್ ಎಂಬ ಬಣ್ಣದ ಕಣಕ. ಅದು ನೀರಿಗಿಂತ ಹಗುರ. ಸೀಸ ತಳದಲ್ಲಿ ಕೂರುತ್ತದೆ, ಕಣಕ ಮಾತ್ರ ಪಾಚಿಗಿಂತ ಮೇಲೆ ತೇಲಿ ನಿಲ್ಲುತ್ತದೆ. ಮೀನು ಕಚ್ಚಿ ಎಳೆದರೆ ದಾರ ಗುಂಡಿನ ತೂತಿನಲ್ಲಿ ಸರಾಗವಾಗಿ ಸರಿಯುವುದರಿಂದ ಭಾರ ತಿಳಿಯುವುದಿಲ್ಲ. ಬಹಳ ಜಾಣ ಏರ್ಪಾಡು. ನಾನೂ ಅದನ್ನೇ ಕಟ್ಟಿದೆ.

ಆದರೆ ಮಗುವಿನ ಕಣ್ಣಿಗೆ ಅಲ್ಲಿ ಏನಿದೆ? ಎಲ್ಲವೂ ನೀರಿನ ತಳದಲ್ಲಿ ನಡೆಯುವ ವ್ಯವಹಾರ. ನೋಡಬೇಕಾದದ್ದು ಕೋಲಿನ ತುದಿಯೊಂದೇ. ಮಗಳು ಹತ್ತು ನಿಮಿಷ ನೋಡಿದಳು. ಆಮೇಲೆ ಮೀನು ಇದೆಯೇ ಎಂದು ತಿಳಿಯಲು ಎರಡು ನಿಮಿಷಕ್ಕೊಮ್ಮೆ ಸುತ್ತಿ ಎಳೆಯತೊಡಗಿದಳು. ಮಗ ಐದೇ ನಿಮಿಷಕ್ಕೆ ಕೋಲು ಬಿಟ್ಟು ಕಲ್ಲು ಎಸೆಯಲು ಹೋದ. ಹತ್ತು ಗಂಟೆಗೆ ಗಾಳಿ ಎದ್ದಿತು. ಇಬ್ಬರ ದಾರಗಳೂ ಒಂದಕ್ಕೊಂದು ಸುತ್ತಿಕೊಂಡು ಗೀಜಗನ ಗೂಡಾದವು. ನಾನು ಬಂಡೆಯ ಮೇಲೆ ಕುಳಿತು ಮುಕ್ಕಾಲು ಗಂಟೆ ಗಂಟು ಬಿಡಿಸಿದೆ. ಮೀನಿಲ್ಲ. ಮಗಳ ಕಣ್ಣಲ್ಲಿ ನೀರು ತುಂಬಿತ್ತು, ಅಳಲಿಲ್ಲ.

ಮಧ್ಯಾಹ್ನ ಮೋನೋ ಸರೋವರದ ದಕ್ಷಿಣ ದಂಡೆಗೆ ಹೋದೆವು. ನೀರಿನೊಳಗಿನ ಬುಗ್ಗೆಗಳ ಸುಣ್ಣ ಮತ್ತು ಸರೋವರದ ಕ್ಷಾರ ಸೇರಿ ಬೆಳೆದ ಟೂಫಾ ಗೋಪುರಗಳು ಅಲ್ಲಿ ಆಳೆತ್ತರಕ್ಕೂ ಮೀರಿ ನಿಂತಿವೆ. ಸಮುದ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉಪ್ಪಾದ ಈ ನೀರಿನಲ್ಲಿ ಮೀನು ಬದುಕುವುದಿಲ್ಲ. ಪುಟ್ಟ ಉಪ್ಪುಸೀಗಡಿ ಮತ್ತು ನೊಣಗಳು ಮಾತ್ರ. ನೀರೊಳಗಿನ ಗೋಪುರವೊಂದರ ತಲೆಯ ಮೇಲೆ ಕಡ್ಡಿಗಳ ದೊಡ್ಡ ಗೂಡು, ಅದರಲ್ಲಿ ಆಸ್ಪ್ರೆ, ಮೀನನ್ನೇ ನಂಬಿ ಬದುಕುವ ಡೇಗೆ. ಚಳಿಗಾಲದಲ್ಲಿ ಭದ್ರಾ ಹಿನ್ನೀರಿಗೂ ಬರುವ ಜಾತಿಯದು. ಮೀನೇ ಇಲ್ಲದ ನೀರಿನ ನಡುವೆ ಮೀನಿನ ಹಕ್ಕಿ ಮನೆ ಮಾಡಿದೆ, ಊಟಕ್ಕೆ ಮೈಲುಗಟ್ಟಲೆ ಹಾರಿ ನಾವಿರುವ ಸಿಹಿನೀರಿನ ಸರೋವರಗಳಿಗೇ ಬರುತ್ತದೆ ಎಂದು ಹೇಳಿದೆ. ಮಗಳು ಬಹಳ ಹೊತ್ತು ಗೂಡನ್ನೇ ನೋಡುತ್ತಿದ್ದು, ‘ಅದಕ್ಕೂ ಇವತ್ತು ಸಿಗಲಿಲ್ಲವಾ?’ ಎಂದು ಕೇಳಿದಳು.

ಮಕ್ಕಳಿಗೆ ಹೇಳದ ಕಥೆಯೊಂದು ನನ್ನ ಮನಸ್ಸಿನಲ್ಲಿತ್ತು. 1941ರಿಂದ ಲಾಸ್ ಏಂಜಲೀಸ್ ನಗರ ಮೋನೋಗೆ ಬರುವ ತೊರೆಗಳನ್ನು ತಿರುಗಿಸಿ ಕುಡಿಯುವ ನೀರಿಗೆ ಒಯ್ದಿತು. ಸರೋವರ ನಲವತ್ತಕ್ಕೂ ಹೆಚ್ಚು ಅಡಿ ಇಳಿಯಿತು. ಗ್ರ್ಯಾಂಟ್ ಸರೋವರದ ಅಣೆಕಟ್ಟಿನ ಕೆಳಗೆ ರಶ್ ತೊರೆ ಒಣಗಿತು. 1980ರ ದಶಕದ ಆರಂಭದ ಭಾರಿ ಹಿಮದ ವರ್ಷಗಳಲ್ಲಿ ಕಟ್ಟೆ ತುಂಬಿ ಹರಿದಾಗ ಟ್ರೌಟ್ ಮೀನುಗಳು ಕೆಳಗಿಳಿದು, ಸತ್ತ ತೊರೆಯಲ್ಲಿ ಮತ್ತೆ ನೆಲೆ ನಿಂತವು. ಅಣೆಕಟ್ಟಿನ ಒಡೆಯರು ಕೆಳಗಿನ ಮೀನುಗಳು ಚೆನ್ನಾಗಿರುವಷ್ಟು ನೀರು ಬಿಡಬೇಕೆಂಬ ಹಳೆಯ ಕಾನೂನೊಂದು ರಾಜ್ಯದಲ್ಲಿತ್ತು. ಗಾಳ ಹಾಕುವವರು ಅದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋದರು, ತೊರೆ ಉಳಿಯಿತು. 1994ರಲ್ಲಿ ಸರೋವರಕ್ಕೂ ನೀರಿನ ಮಟ್ಟ ಗೊತ್ತುಮಾಡಿ ಆದೇಶ ಬಂತು. ಒಂದು ಹೊಳೆಯ ಪಾಲಿನ ನೀರನ್ನು ಮೀನಿನ ಹೆಸರಿನಲ್ಲಿ ಕೇಳಿ ಪಡೆಯಬಹುದು ಎಂಬ ಸಂಗತಿಯನ್ನು ತುಂಗೆಯ ದಂಡೆಯಲ್ಲಿ ಬೆಳೆದ ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಮೂರನೇ ದಿನ, ಭಾನುವಾರ

ಬೆಳಿಗ್ಗೆ ಗಾಳ ಮುಟ್ಟಲಿಲ್ಲ. ಮಕ್ಕಳಿಗೆ ಬೇಕಾದಷ್ಟು ನಿದ್ದೆ ಮಾಡಲು ಬಿಟ್ಟು, ಉಪ್ಪಿಟ್ಟು ಮಾಡಿ, ಹೆದ್ದಾರಿ 395ರಲ್ಲಿ ಅರ್ಧ ಗಂಟೆ ದಕ್ಷಿಣಕ್ಕೆ ಹಾಟ್ ಕ್ರೀಕ್ ಮೀನುಮರಿ ಕೇಂದ್ರಕ್ಕೆ ಹೋದೆವು. ಏಳು ಲಕ್ಷ ಅರವತ್ತು ಸಾವಿರ ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ಕುಸಿದ ಲಾಂಗ್ ವ್ಯಾಲಿ ತಗ್ಗಿನಲ್ಲಿದೆ ಅದು. ನೆಲದೊಳಗಿನ ಬಿಸಿ ತಾಗಿದ ಬುಗ್ಗೆಯ ನೀರು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ, ಟ್ರೌಟ್ ಸಾಕಲು ಹೇಳಿ ಮಾಡಿಸಿದಂತಿದೆ. ಉದ್ದುದ್ದ ಸಿಮೆಂಟು ಕಾಲುವೆಗಳಲ್ಲಿ ಸಾವಿರಾರು ಮೀನುಗಳು ಹರಿವಿಗೆ ಎದುರಾಗಿ ತಲೆ ಮಾಡಿ ನಿಂತಿರುತ್ತವೆ. ಮಗ ಒಂದು ಹಿಡಿ ಆಹಾರದ ಗುಳಿಗೆ ಎಸೆದ. ನೀರು ಕುದಿಯಿತು.

ಮಗಳು ಸುಮ್ಮನಾದಳು. ಡಿಸೆಂಬರಿನಲ್ಲಿ ಶೃಂಗೇರಿಯ ಮೆಟ್ಟಿಲ ಮೇಲೆ ಕುಳಿತು ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿದ್ದಳು. ‘ಅಲ್ಲಿ ಹಿಡಿಯಬಾರದು, ಇಲ್ಲಿ ಹಿಡಿಯಬಹುದು. ಯಾಕೆ?’

‘ಅಲ್ಲಿಯ ಜನ ಆ ಮೀನುಗಳಿಗೆ ಮಾತು ಕೊಟ್ಟಿದ್ದಾರೆ, ಹಿಡಿಯುವುದಿಲ್ಲ ಎಂದು. ಇಲ್ಲಿಯವರು ಹಿಡಿಯಲೆಂದೇ ಸಾಕಿ ಸರೋವರಕ್ಕೆ ಬಿಡುತ್ತಾರೆ’ ಎಂದೆ. ಇದಕ್ಕಿಂತ ನಿಜವಾದ ಉತ್ತರ ನನಗೆ ಹೊಳೆಯಲಿಲ್ಲ. ಮೋನೋ ಸೀಮೆಯ ಈ ಸರೋವರಗಳಲ್ಲಿ ಮೊದಲಿಗೆ ಟ್ರೌಟ್ ಇರಲಿಲ್ಲ. ಹತ್ತೊಂಬತ್ತನೇ ಶತಮಾನದಿಂದೀಚೆಗೆ ಮನುಷ್ಯರು ಹೊತ್ತು ತಂದು ಬಿಟ್ಟದ್ದು. ನಮ್ಮ ಪಕ್ಕದ ನೀಲಗಿರಿಯ ತೊರೆಗಳಿಗೆ ಬ್ರಿಟಿಷರು ತಂದು ಬಿಟ್ಟಂತೆಯೇ. ಇನ್ನೂ ಮೇಲಿನ ಪರ್ವತ ಕೊಳಗಳಲ್ಲಿ ಹೀಗೆ ಬಿಟ್ಟ ಟ್ರೌಟ್‌ಗಳು ಹಳದಿ ಕಾಲಿನ ಬೆಟ್ಟದ ಕಪ್ಪೆಗಳ ಗೊದಮೊಟ್ಟೆಗಳನ್ನು ತಿಂದು ಆ ಸಂತತಿಯನ್ನೇ ಅಪಾಯಕ್ಕೆ ತಂದವು. ಈಗ ಕೆಲವು ಕೊಳಗಳಿಂದ ಮೀನುಗಳನ್ನೇ ತೆಗೆದು ಕಪ್ಪೆಗಳಿಗೆ ಜಾಗ ಮಾಡಿಕೊಡುತ್ತಿದ್ದಾರೆ. ಕಪ್ಪೆಯ ಭಾಗ ಮಗನಿಗೆ ಬಹಳ ಹಿಡಿಸಿತು.

ಗಲ್ ಸರೋವರ ನಾಲ್ಕರಲ್ಲಿ ಚಿಕ್ಕದು, ಬೆಟ್ಟದ ಮಡಿಲಲ್ಲಿ ಅಡಗಿದೆ. ಸಂಜೆ ಐದೂವರೆಗೆ ಅಲ್ಲಿಗೆ ಹೋದೆವು. ಗಾಳಿ ಇಳಿಯುತ್ತಿತ್ತು. ಹಗಲು ಬಿಸಿಲಿಗೆ ಆಳಕ್ಕೆ ಹೋದ ಟ್ರೌಟ್, ನೆರಳು ಬಿದ್ದಾಗ ದಂಡೆಯ ಕಡೆಗೆ ಮೇಯಲು ಬರುತ್ತದೆ. ಈ ಸಲ ಸೀಸದ ಗುಂಡು, ಕಣಕ ಎಲ್ಲ ಡಬ್ಬಿಯಲ್ಲೇ ಉಳಿದವು. ನಿನ್ನೆ ರಾತ್ರಿ ಮಲಗಿದಲ್ಲೇ ಅಪ್ಪನ ಗಾಳ ನೆನಪಾಗಿತ್ತು. ಅಪ್ಪನ ಗಾಳಕ್ಕೆ ಸದಾ ನೀರಿನ ಮೇಲೆ ತೇಲುವ ಬೆಂಡು ಇರುತ್ತಿತ್ತು. ಹಳ್ಳದ ದಂಡೆಯಲ್ಲಿ ಎರಡು ಗಂಟೆ ಅಲುಗದೆ ಕುಳಿತಿದ್ದ ಇದೇ ಹುಡುಗಿ ಆಗ ನೋಡುತ್ತಿದ್ದುದು ಅದನ್ನೇ. ಕೆಂಪು ಬಿಳಿ ಬೆಂಡು ಕಟ್ಟಿ, ಅದರ ಕೆಳಗೆ ನಾಲ್ಕಡಿ ದಾರ, ಒಂದು ಸಣ್ಣ ಸೀಸದ ಕಾಳು, ಕೊಕ್ಕೆಗೆ ಅರ್ಧ ಎರೆಹುಳು. ತಳದ ಕಣಕಕ್ಕೆ ಇದಕ್ಕಿಂತ ಹೆಚ್ಚು ಮೀನು ಬೀಳಬಹುದು, ಒಪ್ಪುತ್ತೇನೆ. ಆದರೆ ಚಿಕ್ಕ ಮಕ್ಕಳ ಕೈಗೆ ಕೋಲು ಕೊಡುವವರು ಅವರ ಕಣ್ಣಿಗೂ ಕೆಲಸ ಕೊಡಬೇಕು. ಅಂದು ನನ್ನ ಕೋಲನ್ನು ಕಾರಿನಿಂದ ಇಳಿಸಲೇ ಇಲ್ಲ. ಮಕ್ಕಳ ಜೊತೆ ಬಂದ ಮೇಲೆ ದೊಡ್ಡವರ ಗಾಳ ನೀರಿಗಿಳಿಯಬಾರದು. ಎರಡು ಕೆಲಸವೂ ಕೆಡುತ್ತವೆ.

ಇಬ್ಬರೂ ಬೆಂಡಿನ ಮೇಲೆ ಕಣ್ಣಿಟ್ಟು ಕುಳಿತರು. ಸಣ್ಣ ಅಲೆಗೆ ಅದು ತೂಗುವುದು, ನೊಣ ಬಂದು ಕೂರುವುದು, ಅದರ ನೆರಳು ಉದ್ದವಾಗುವುದು, ಎಲ್ಲವೂ ಅವರಿಗೆ ಸುದ್ದಿಯೇ. ಒಂದು ಗಂಟೆ ಹೋಯಿತು. ಇದ್ದಕ್ಕಿದ್ದಂತೆ ಎದುರು ದಂಡೆಯ ಕಡೆ ಆಸ್ಪ್ರೆ ಕಾಲು ಮುಂದೆ ಚಾಚಿ ನೀರಿಗೆ ಬಿದ್ದು, ಮೀನನ್ನು ಉದ್ದಕ್ಕೆ ತಿರುಗಿಸಿ ಹಿಡಿದುಕೊಂಡು, ಮೋನೋ ದಿಕ್ಕಿಗೆ ಹಾರಿಹೋಯಿತು. ಮಗ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಏಳು ಗಂಟೆ ದಾಟಿತ್ತು. ಮಗಳ ಬೆಂಡು ಒಮ್ಮೆ ನಡುಗಿತು. ಸುತ್ತ ಉಂಗುರದಂತಹ ಅಲೆಯೊಂದು ಎದ್ದು ಹರಡಿತು. ಅವಳು ನನ್ನ ಮುಖ ನೋಡಿದಳು. ‘ಇನ್ನೂ ಬೇಡ’ ಎಂದೆ. ಬೆಂಡು ಎಡಕ್ಕೆ ವಾಲಿ, ಯಾರೋ ಬೆರಳಲ್ಲಿ ತಳ್ಳಿದಂತೆ ಒಂದು ಮೊಳ ಸರಿದು, ಹಾಗೆಯೇ ನೀರೊಳಗೆ ಹೋಯಿತು. ಕೆಂಪು ಬಣ್ಣ ಹಸಿರಾಗಿ, ಮಸುಕಾಗಿ, ಇಲ್ಲವಾಯಿತು. ‘ಈಗ!’ ಕೋಲು ಬಾಗಿತು. ಅವಳು ಸುತ್ತಿದಳು, ಮೀನು ಎಳೆಯಿತು, ಅವಳು ಎರಡು ಹೆಜ್ಜೆ ಮುಂದೆ ಹೋದಳು. ನಾನು ಅಂಗಿಯ ಬೆನ್ನು ಹಿಡಿದುಕೊಂಡೆ, ಕೋಲು ಮುಟ್ಟಲಿಲ್ಲ. ದಂಡೆಯ ಬಳಿ ಒಂದು ಮಗ್ಗುಲು ಹೊಳೆಯಿತು. ಬಲೆ ಒಡ್ಡಿದೆ.

ಹನ್ನೊಂದು ಅಂಗುಲದ ಕಾಮನಬಿಲ್ಲಿನ ಟ್ರೌಟ್. ಬೆನ್ನು ಆಲಿವ್ ಹಸಿರು, ಅದರ ತುಂಬ ಮೆಣಸಿನ ಕಾಳು ಚೆಲ್ಲಿದಂತೆ ಕಪ್ಪು ಚುಕ್ಕೆ, ಕಿವಿರಿನಿಂದ ಬಾಲದವರೆಗೆ ದಾಸವಾಳದ ದಳ ಉಜ್ಜಿದಂತಹ ಗುಲಾಬಿ ಪಟ್ಟೆ. ಕೊಕ್ಕೆ ಗಂಟಲಿಗೆ ಇಳಿದಿತ್ತು. ಆಳಕ್ಕೆ ನುಂಗಿದ ಮೀನನ್ನು ಬಿಟ್ಟರೆ ಎಷ್ಟೋ ಸಲ ಬದುಕುವುದಿಲ್ಲ. ‘ಇದನ್ನು ಮನೆಗೆ ಒಯ್ಯಬೇಕು, ಹಾಗಾದರೆ ಈಗಲೇ ಕೊಲ್ಲಬೇಕು, ಒದ್ದಾಡಲು ಬಿಡಬಾರದು. ನೋಡುವುದು ಬೇಡವಾದರೆ ಅಪ್ಪನ ಹತ್ತಿರ ಹೋಗು’ ಎಂದೆ. ಮಗ ಹೋದ. ಮಗಳು ನಿಂತಳು. ಕಣ್ಣಿನ ಸ್ವಲ್ಪ ಹಿಂದೆ, ತಲೆಯ ಮೇಲೆ, ಕೊರಡಿನಿಂದ ಒಂದೇ ಬಲವಾದ ಏಟು. ಮೀನು ಒಮ್ಮೆ ನಡುಗಿ ಸುಮ್ಮನಾಯಿತು. ಗುಲಾಬಿ ಪಟ್ಟೆ ನೋಡನೋಡುತ್ತಿದ್ದಂತೆ ಮಂಕಾಗುತ್ತಾ ಹೋಯಿತು. ‘ಬಣ್ಣ ಎಲ್ಲಿಗೆ ಹೋಯಿತು?’ ಎಂದು ಅವಳು ಮೆಲ್ಲಗೆ ಕೇಳಿದಳು.

ಶುಚಿ ಮಾಡುವ ಕಟ್ಟೆಯ ಮೇಲೆ ಹೊಟ್ಟೆ ಸೀಳಿ ಜಠರ ಬಿಡಿಸಿ ತೋರಿಸಿದೆ. ಸಾಸಿವೆಯಷ್ಟು ಕಪ್ಪು ಹುಳಗಳು, ಎರಡು ಪುಟ್ಟ ಬಸವನಹುಳು, ನಮ್ಮ ಎರೆಹುಳುವಿನ ತುಂಡು. ಅವಳು ಬೆರಳ ತುದಿಯಿಂದ ಒಂದೊಂದನ್ನೇ ಬೇರೆ ಮಾಡಿದಳು. ರಾತ್ರಿ ಅರಿಶಿನ, ಉಪ್ಪು, ಬ್ಯಾಡಗಿ ಮೆಣಸಿನ ಪುಡಿ, ನಿಂಬೆರಸ ಹಚ್ಚಿ, ರವೆಯಲ್ಲಿ ಹೊರಳಿಸಿ, ಕಬ್ಬಿಣದ ಬಾಣಲೆಯಲ್ಲಿ ಹುರಿದೆ. ಒಂದೇ ಮೀನು, ನನಗೂ ಮಗಳಿಗೂ. ಮಗ ಅಪ್ಪನ ಜೊತೆ ಮೊಸರನ್ನ ತಿಂದ. ಮಗಳು ಬಾಲದ ಗರಿಗರಿ ತುದಿಯನ್ನೂ ಬಿಡಲಿಲ್ಲ. ಮುಳ್ಳು ತೊಳೆದು ತೆಗೆದಿಡಬೇಕೆಂದಳು. ಕರಡಿಯ ವಿಷಯ ನೆನಪಿಸಿದ ಮೇಲೆ ಬಿಟ್ಟಳು.

ನಾಲ್ಕನೇ ದಿನ, ಸೋಮವಾರ

ಡೇರೆ ಬಿಚ್ಚಿ, ಮನೆಗೆ ಹೊರಡುವ ಮುಂಚೆ ಸಿಲ್ವರ್ ಸರೋವರಕ್ಕೆ ಹೋದೆವು. ದಾರಿಯಲ್ಲಿ ರಿವರ್ಸ್ಡ್ ಕ್ರೀಕ್ ಎಂಬ ತೊರೆ ಸಿಗುತ್ತದೆ. ಉಳಿದ ತೊರೆಗಳೆಲ್ಲ ಬೆಟ್ಟ ಬಿಟ್ಟು ಬಯಲಿಗೆ ಹರಿದರೆ ಇದು ಬೆಟ್ಟದ ಕಡೆಗೇ ಹರಿಯುತ್ತದೆ.

‘ನನ್ನ ಮೀನನ್ನು ಕೊಲ್ಲುವುದು ಬೇಡ’ ಎಂದು ಮಗ ರಾತ್ರಿಯೇ ಹೇಳಿದ್ದ. ನಾಲ್ಕು ವರ್ಷದವನ ಮಾತೆಂದು ತಳ್ಳಿಹಾಕಲು ಮನಸ್ಸಾಗಲಿಲ್ಲ. ಹಾಗಾದರೆ ತಯಾರಿಯೂ ಬೇರೆ. ಇಕ್ಕಳದಿಂದ ಕೊಕ್ಕೆಯ ಹಿಮ್ಮುಳ್ಳನ್ನು ಒತ್ತಿ ಮಟ್ಟ ಮಾಡಿದೆ. ಮೀನು ನುಂಗುವಷ್ಟು ಕಾಯದೆ ಬೆಂಡು ಅಲುಗಿದ ಕೂಡಲೇ ಎತ್ತುವುದೆಂದು ಮಾತಾಯಿತು. ಬಿಡುವ ಮೀನನ್ನು ಒಣ ಕೈಯಲ್ಲಿ ಮುಟ್ಟಬಾರದು, ಮೈಮೇಲಿನ ಲೋಳೆಯೇ ಅದರ ರಕ್ಷೆ. ಅದು ಕಿತ್ತುಹೋದರೆ ರೋಗ ತಗಲುತ್ತದೆ. ಮಗ ಇದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡನೆಂದರೆ, ಮೀನು ಬರುವ ಮೊದಲೇ ನಿಮಿಷಕ್ಕೊಮ್ಮೆ ಕೈ ಅದ್ದಿಕೊಂಡು ಬೆರಳೆಲ್ಲ ಕೆಂಪಾಗಿದ್ದವು.

ಮೂರು ಸಲ ಎತ್ತಿದಾಗಲೂ ಬರಿಯ ಕೊಕ್ಕೆ. ನಾಲ್ಕನೇ ಸಲ ಸಿಕ್ಕಿತು, ಅಂಗೈಗಿಂತ ಸ್ವಲ್ಪ ಉದ್ದದ್ದು. ಬಲೆಯನ್ನು ನೀರಿನಿಂದ ಮೇಲೆತ್ತಲೇ ಇಲ್ಲ. ತುಟಿಯಂಚಿನ ಕೊಕ್ಕೆ ಒಂದು ತಿರುವಿಗೆ ಜಾರಿ ಬಂತು. ಮಗನ ಎರಡೂ ಕೈಗಳನ್ನು ನನ್ನ ಕೈಗಳೊಳಗಿಟ್ಟು ಮೀನಿನ ಹೊಟ್ಟೆಯಡಿ ಹಿಡಿದೆ. ಅದು ಹೋಗಲಿಲ್ಲ. ಕಿವಿರು ತೆರೆದು ಮುಚ್ಚಿ, ತೆರೆದು ಮುಚ್ಚಿ, ಅಲ್ಲಿಯೇ ನಿಂತಿತ್ತು. ‘ಯಾಕೆ ಹೋಗುವುದಿಲ್ಲ?’ ‘ಉಸಿರು ತೆಗೆದುಕೊಳ್ಳುತ್ತಿದೆ.’ ಮಗನೂ ಬಾಯಿ ತೆರೆದು ಅದರ ಜೊತೆಗೇ ಉಸಿರಾಡುತ್ತಿದ್ದ. ಆಮೇಲೆ ಬಾಲ ಒಮ್ಮೆ ಬೀಸಿತು, ಅಂಗೈ ಖಾಲಿಯಾಯಿತು. ನನ್ನವರು ದಂಡೆಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದರು. ಕುಡಿಯುವುದನ್ನೇ ಮರೆತಿದ್ದರು.

ಮನೆ ತಲುಪಿದಾಗ ರಾತ್ರಿ ಎಂಟು. ಊರಿನಲ್ಲಿ ಆಗ ಮಂಗಳವಾರ ಬೆಳಿಗ್ಗೆ. ಕೈಕಾಲು ತೊಳೆಯುವ ಮೊದಲೇ ಮಗಳು ಅಜ್ಜನಿಗೆ ವಿಡಿಯೊ ಕರೆ ಮಾಡಿದಳು. ಅಲ್ಲಿ ಜೋರು ಮಳೆ, ಅಪ್ಪನ ಧ್ವನಿಗಿಂತ ಹೆಂಚಿನ ಮೇಲಿನ ಸದ್ದೇ ದೊಡ್ಡದು. ಮಳೆನೀರಿಗೆ ಎದುರಾಗಿ ಗದ್ದೆಗೆ ಹತ್ತುಮೀನು ಏರುವ ಕಾಲ. ಮೀನು ಎಷ್ಟು ದೊಡ್ಡದು ಎಂದು ಅಪ್ಪ ಕೇಳಲೇ ಇಲ್ಲ.

‘ಬೆಂಡು ನೆಟ್ಟಗೆ ಮುಳುಗಿತೋ, ಪಕ್ಕಕ್ಕೆ ಸರಿದು ಮುಳುಗಿತೋ?’

‘ಪಕ್ಕಕ್ಕೆ ಹೋಗಿ, ಆಮೇಲೆ ಒಳಗೆ, ಅಜ್ಜ.’

‘ಹಾಂ. ಇರು, ಹೋಗಬೇಡ’ ಎಂದು ಅಪ್ಪ ಮೊಬೈಲನ್ನು ಜಗುಲಿಯ ಮೇಲಿಟ್ಟು ಎದ್ದರು. ಪರದೆಯ ತುಂಬ ಹೊಗೆ ಹಿಡಿದ ತೊಲೆ, ಹೆಂಚು, ಮಳೆಯ ಸದ್ದು. ಮಕ್ಕಳಿಬ್ಬರೂ ಕದಲದೆ ಕಾದರು. ಸ್ವಲ್ಪ ಹೊತ್ತಿಗೆ ಅಪ್ಪನ ಕೈ ಕಂಡಿತು. ನವಿಲುಗರಿಯ ದಂಟು ಕತ್ತರಿಸಿ ಕೆಂಪು ನೂಲು ಸುತ್ತಿದ ಬೆಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಮೊಬೈಲಿನ ಹತ್ತಿರ ತಂದು, ಮೆಲ್ಲಗೆ ಎಡಕ್ಕೆ ವಾಲಿಸಿ ಕೆಳಗಿಳಿಸುತ್ತಿದ್ದರು. ‘ಹೀಗಾ?’

‘ಹಾಗೇ’ ಎಂದಳು ಮಗಳು.